ಕಾಲುವೆಯ ದಂಡೆಗುಂಟ ಒಂದು ದಿನ

ದೋಣಿಗಳ ಸಂಚಾರಕ್ಕಾಗಿಯೇ ಕಾಲುವೆಗಳನ್ನು ತೋಡಿದ ನಾಡುಗಳುಂಟು. ಇಂಗ್ಲೆಂಡಿನಲ್ಲಿ 1761ರಲ್ಲಿ ತೆರೆದ ಬ್ರಿಜ್‌ವಾಟರ್ ಕಾಲುವೆಯು ಮ್ಯಾಂಚೆಸ್ಟರ್ ನಗರಕ್ಕೆ ಕಲ್ಲಿದ್ದಲನ್ನು ಸಾಗಿಸುತ್ತಿತ್ತು. ಅಲ್ಲಿಯ ಕಾಲುವೆಗಳಲ್ಲಿ ಉದ್ದನೆಯ ಕಿರುದೋಣಿಗಳನ್ನು ದಂಡೆಯ ಮೇಲೆ ನಡೆಯುವ ಕುದುರೆಗಳು ಎಳೆಯುತ್ತಿದ್ದವು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಹಬ್ಬಿರುವ ವಿಜಯನಗರದ ಕಾಲುವೆಗಳಾದರೋ ಹೊಲಗದ್ದೆಗಳಿಗಾಗಿ ಹುಟ್ಟಿದವು. ಅವು ಹೊರುವ ಸರಕು ನೀರೊಂದೇ. ಅವುಗಳ ಜೊತೆಯಲ್ಲಿ ಪ್ರಯಾಣ ಮಾಡಬಯಸುವವನು ದಂಡೆಯ ಮೇಲೆ ಕಾಲ್ನಡಿಗೆಯಿಂದಲೇ ಸಾಗಬೇಕು.

ಬೆಳಗಿನ ಹೊತ್ತು ಹೊಸಪೇಟೆಯಲ್ಲಿ ನಿಂತರೆ ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳ ನೀಲಿ ಸಾಲು ಕಾಣುತ್ತದೆ. ಊರಿನ ನಡುವೆಯೇ ಬಸವಣ್ಣ ಕಾಲುವೆ ಹರಿಯುತ್ತದೆ. ಅಲ್ಲಿಂದ ಹಂಪೆಯ ಕಡೆಗೆ ಬಂದರೆ ತುರ್ತಾ ಕಾಲುವೆ ಎದುರಾಗುತ್ತದೆ. ಹಂಪೆಯ ಮೇಲ್ಭಾಗದಲ್ಲಿ ನದಿಯ ಬಂಡೆಗಳ ನಡುವೆ ಕಲ್ಲುಗಳನ್ನು ಜೋಡಿಸಿ ಕಟ್ಟಿದ ಒಡ್ಡು ಈ ಕಾಲುವೆಗೆ ನೀರನ್ನು ತಿರುಗಿಸುತ್ತದೆ. ನೆಲದ ಇಳಿಜಾರನ್ನು ಅರಿತು ತೋಡಿದ್ದರಿಂದ ನೀರು ಯಾವ ಯಂತ್ರದ ನೆರವೂ ಇಲ್ಲದೆ ಮುಂದೆ ಸಾಗುತ್ತದೆ.

ದಂಡೆಗುಂಟ ನಡೆದಂತೆ ಒಂದು ಪಕ್ಕದಲ್ಲಿ ಬಾಳೆಯ ತೋಟ, ಇನ್ನೊಂದು ಪಕ್ಕದಲ್ಲಿ ಹೆಬ್ಬಂಡೆಗಳ ರಾಶಿ. 1528ರಲ್ಲಿ ಕೃಷ್ಣದೇವರಾಯನು ಮಾಡಿಸಿದ ಉಗ್ರನರಸಿಂಹನ ಭಗ್ನಮೂರ್ತಿ ಇರುವುದು ಈ ಕಣಿವೆಯಲ್ಲಿಯೇ. ಪಕ್ಕದ ಗುಡಿಯಲ್ಲಿ ಬಡವಿಲಿಂಗವು ಸದಾ ನೀರಿನಲ್ಲಿ ನಿಂತಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಂಡೆಗಳು ಕಾದ ಹೆಂಚಿನಂತಾದರೂ ಗದ್ದೆಯ ಬದುವಿನ ಮೇಲೆ ತಂಪಿರುತ್ತದೆ.

1565ರ ಯುದ್ಧದ ಬಳಿಕ ಈ ನಗರವು ಸೂರೆಹೋಯಿತು. ಅರಮನೆಗಳು ನೆಲಸಮವಾಗಿ ಅವುಗಳ ಅಡಿಪಾಯ ಮಾತ್ರ ಉಳಿಯಿತು. ಆದರೆ ಕಾಲುವೆ ಹರಿಯುತ್ತಲೇ ಇದೆ. ಅರಸರು ಅಳಿದ ಮೇಲೆ ಅರಮನೆಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಕಾಲುವೆಗಾದರೋ ಪ್ರತಿವರ್ಷವೂ ಹೂಳೆತ್ತುವ, ಒಡೆದ ಏರಿಗೆ ಮಣ್ಣು ಹಾಕುವ, ತೂಬನ್ನು ಕಾಯುವ ಕೈಗಳಿದ್ದವು. ಮೇಲಿನ ಗದ್ದೆಯವನು ಹೂಳನ್ನು ಹಾಗೆಯೇ ಬಿಟ್ಟರೆ ಕೊನೆಯ ಗದ್ದೆಯವನ ಪೈರು ಒಣಗುತ್ತದೆ. ಒಬ್ಬನ ಶ್ರಮ ಮತ್ತೊಬ್ಬನ ಅನ್ನವೆಂಬುದನ್ನು ಕಾಲುವೆ ಮಾತಿಲ್ಲದೆ ಕಲಿಸುತ್ತದೆ.

ಈ ಪಾಠ ದೊಡ್ಡ ಅಣೆಕಟ್ಟಿಗೂ ಸಲ್ಲುತ್ತದೆ. ಇಂದು ಈ ಹಳೆಯ ಕಾಲುವೆಗಳೂ ಮೇಲಿರುವ ತುಂಗಭದ್ರಾ ಜಲಾಶಯವನ್ನೇ ನಂಬಿವೆ. 1953ರಲ್ಲಿ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿದ್ದರಿಂದ ಆ ಪ್ರಮಾಣ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅದರ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ರೈತರು ಕಂಡ ಪೈರಿನ ಕನಸು ನದಿಯ ಪಾಲಾಗತೊಡಗಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಸುಮಾರು ಒಂದು ವಾರ ಶ್ರಮಿಸಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನು ಇಳಿಸಿ ಆ ದ್ವಾರವನ್ನು ಮುಚ್ಚಿದರು.

ಸಂಜೆಯ ವೇಳೆಗೆ ಪ್ರಯಾಣಿಕನು ತಳವಾರಘಟ್ಟವನ್ನು ಸೇರುತ್ತಾನೆ. ಆಚೆಯ ದಡ ಆನೆಗೊಂದಿ. ಇಲ್ಲಿ ಕೊನೆಗೂ ಅವನಿಗೆ ದೋಣಿ ದೊರೆಯುತ್ತದೆ. ಅದು ಬಿದಿರಿನಿಂದ ಹೆಣೆದ ಬುಟ್ಟಿಯಂತಹ ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಂತಹ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹೊರಗೆ ಚರ್ಮ ಹೊದಿಸಿದ ಅವು ಹದಿನೈದು ಇಪ್ಪತ್ತು ಜನರನ್ನು ಹೊತ್ತು, ನೆಟ್ಟಗೆ ಸಾಗಲಾರದೆ ಸುತ್ತುತ್ತ ಹೋಗುತ್ತಿದ್ದವಂತೆ. ಅಂಬಿಗನು ಹುಟ್ಟುಹಾಕಿದಂತೆಲ್ಲ ಹರಿಗೋಲು ಇಂದಿಗೂ ಮೆಲ್ಲನೆ ತಿರುಗುತ್ತದೆ. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಪಾಳುಬಿದ್ದ ಮಂಟಪಗಳೂ ಹಸುರು ಗದ್ದೆಗಳೂ ಒಂದರ ಹಿಂದೊಂದು ಕಣ್ಣಮುಂದೆ ಹಾದುಹೋಗುತ್ತವೆ.