ಪಕ್ಕದ ಮನೆಯವರು ಕೊಟ್ಟ ಏಟು

ನನ್ನ ಮಗನ ಬೆನ್ನ ಮೇಲೆ ಐದು ಬೆರಳೂ ಮೂಡಿದ್ದವು. ಹೊಡೆದವರು ಪಕ್ಕದ ಮನೆಯ ದೊಡ್ಡವ್ವ. ನಾಲ್ಕು ವರ್ಷದ ಹಿಂದಿನ ಮಾತಾದರೂ ಆ ಹೊತ್ತಿನ ಸಿಟ್ಟು ಇನ್ನೂ ನೆನಪಿದೆ.

ನಮ್ಮದು ನೀರಮಾನ್ವಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಸೀಮೆ. ನೀರು ಬಂತೆಂದರೆ ರೈತರಿಗೆ ಹಬ್ಬ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಹಬ್ಬ. ಅಂದು ನನ್ನ ಎಂಟು ವರ್ಷದ ಮಗ, ಬೈಬಲಿನ ವಾಕ್ಯ ತಪ್ಪದೆ ಒಪ್ಪಿಸುವ ಜಾಣ, ಅಂಗಿ ಕಳಚಿಟ್ಟು ಕಾಲುವೆಯ ದಂಡೆಯ ಮೇಲೆ ನಿಂತಿದ್ದನಂತೆ. ಈಜು ಬಾರದು. ಹೊಲದಿಂದ ಬರುತ್ತಿದ್ದ ದೊಡ್ಡವ್ವ ರಟ್ಟೆ ಹಿಡಿದೆಳೆದು, ಒಂದು ಬಿಟ್ಟು, ಮನೆತನಕ ಕರೆತಂದರು.

"ಯವ್ವಾ, ನಾನ ಹೊಡದೀನಿ. ಯಾಕಂತ ಅವನ್ನ ಕೇಳು" ಅಂದು ಹೋದರು.

ನಾನು ಕೇಳಲಿಲ್ಲ. ಬಾಗಿಲು ಹಾಕಿಕೊಂಡೆ. ನನ್ನ ಮಗನ ಮೇಲೆ ಕೈ ಮಾಡಲು ಇವರ್ಯಾರು? ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ, ಅದಕ್ಕೇ ಹೊಡೆದರೇನೋ ಎಂಬ ಕೆಟ್ಟ ಯೋಚನೆಯೂ ಬಂತು. ಹೇಳಲು ಈಗ ನಾಚಿಕೆ. ವಾರವಿಡೀ ಮಾತು ಬಿಟ್ಟೆ. ಶನಿವಾರ ರಾತ್ರಿ ಮಗ ತಾನಾಗಿಯೇ ಬಾಯಿಬಿಟ್ಟಾಗ ಎದೆ ಧಸಕ್ಕೆಂದಿತು. ಆದರೂ ಎದ್ದು ಪಕ್ಕದ ಮನೆಗೆ ಹೋಗಲು ಕಾಲು ಬರಲಿಲ್ಲ.

ಮರುದಿನ ರಾಯಚೂರಿನಲ್ಲಿ ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ ನೆಂಟರ ಕೂಸಿಗೆ ದೀಕ್ಷಾಸ್ನಾನ. ತಂದೆತಾಯಿ ಮಾತು ಕೊಟ್ಟರೆ ಸಾಲದು. ಕೂಸನ್ನು ಬೆಳೆಸಲು ನಾವೂ ನೆರವಾಗುತ್ತೇವೆಂದು ಸಭೆಯವರೂ ಒಪ್ಪಬೇಕು. ನನ್ನ ಮಗನಿಗೂ ಅಲ್ಲಿಯೇ, ಹಾಗೆಯೇ ಆಗಿತ್ತು. ಎಲ್ಲರೊಡನೆ ನಾನೂ ಒಪ್ಪುತ್ತಾ ಯೋಚಿಸಿದೆ: ನನ್ನ ಮಗನಿಗಾಗಿ ಅಂದು ಮಾತು ಕೊಟ್ಟವರೆಲ್ಲ ಇಲ್ಲಿ ರಾಯಚೂರಿನಲ್ಲಿದ್ದಾರೆ. ಕಾಲುವೆಯ ದಂಡೆಯ ಮೇಲಿದ್ದವರು, ಯಾವ ಮಾತೂ ಕೊಡದ, ಯಲ್ಲಮ್ಮನ ಭಕ್ತೆ ದೊಡ್ಡವ್ವ.

ಊರಿಗೆ ಬಂದವಳೇ ಹೋಗಿ ತಪ್ಪಾಯಿತು ಅಂದೆ. "ಚಾ ಕುಡೀತಿಯೇನು?" ಅಂದರು. ಅಷ್ಟೇ.

ಹಾಗೆಂದು ನಮ್ಮ ನಂಬಿಕೆ ಸಡಿಲಿಸಿಕೊಂಡೆನೆಂದು ತಿಳಿಯಬೇಡಿ. ರಾತ್ರಿ ಪ್ರಾರ್ಥನೆ ಮಾಡದೆ ಮಗ ಮಲಗುವಂತಿಲ್ಲ. ಊರ ಯಲ್ಲಮ್ಮನ ಜಾತ್ರೆಗೆ ದೊಡ್ಡವ್ವನ ಮೊಮ್ಮಕ್ಕಳ ಜೊತೆ ಹೋಗಿ ಬೆಂಡು ಬತ್ತಾಸು ತರುತ್ತಾನೆ. ಕೈ ಯಾಕೆ ಮುಗಿಯಲಿಲ್ಲ ಎಂದು ಯಾರಾದರೂ ಕೇಳಿದರೆ "ನಮ್ಮ ಪ್ರಾರ್ಥನೆ ಬ್ಯಾರೆ" ಅನ್ನುತ್ತಾನೆ. ನಮ್ಮತ್ತೆಗೆ ಇದು ಇನ್ನೂ ಸೇರದು. ಬತ್ತಾಸು ಮಾತ್ರ ತಿನ್ನುತ್ತಾರೆ.

ಮೊನ್ನೆ ಹತ್ತಿ ಬಿಡಿಸುವ ಕಾಲದಲ್ಲಿ ದೊಡ್ಡವ್ವ ಏಳನೇ ತರಗತಿಯ ಮೊಮ್ಮಗಳನ್ನು ಶಾಲೆ ತಪ್ಪಿಸಿ ಹೊಲಕ್ಕೆ ಕಳಿಸತೊಡಗಿದರು. ಈ ಸಲ ಹೋದವಳು ನಾನು.

"ಹುಡುಗಿ ಓದಲಿ ದೊಡ್ಡವ್ವಾ."

"ನಮ್ಮ ಮನಿ ಮಾತು ನಿನಗ್ಯಾಕ?"

"ನನ್ನ ಮಗನ ಬೆನ್ನು ನಿಮಗ್ಯಾಕ ಬೇಕಿತ್ತು?"

ಮೂರು ದಿನ ಅವರು ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಹುಡುಗಿ ಪಾಟಿಚೀಲ ಹೆಗಲಿಗೇರಿಸಿ ನಮ್ಮ ಬಾಗಿಲಲ್ಲಿ ನಿಂತು ಕೂಗಿದಳು: "ಅತ್ತೀ, ಇವನ್ನ ಲಗೂನ ಕಳಸ್ರಿ, ಗಂಟಿ ಹೊಡೀತೈತಿ!"