ಹನ್ನೆರಡು ಗ್ರಾಮಿನ ಕೊರತೆ

ಉಪ್ಪಿಗೆ ಚಿಟಿಕೆ, ಬೇಳೆಗೆ ಹಿಡಿ, ಅಕ್ಕಿಗೆ ಪಾವು. ಮೂವತ್ತೈದು ವರ್ಷಗಳ ಸಂಸಾರದಲ್ಲಿ ನನಗೆ ಇವಕ್ಕಿಂತ ಹೆಚ್ಚಿನ ಅಳತೆ ಬೇಕಾಗಿರಲಿಲ್ಲ. ಅಂತಹ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕಳೆದ ವರ್ಷ ಗ್ರಾಂ ತೋರಿಸುವ ತಕ್ಕಡಿಯೊಂದು ಬಂದು ಕುಳಿತಿತು. ಅದು ಬಂದದ್ದು ನನ್ನ ಮಗಳಿಗಾಗಿ.

ಗಂಡುಮಗುವೆಂದು ಹೆಸರಿಟ್ಟು ತೊಟ್ಟಿಲು ತೂಗಿದ ಕೂಸು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತಾನು ಹೆಣ್ಣೆಂದು ನಮಗೆ ತಿಳಿಸಿತು. ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದನ್ನು ನಾವೂ ಪತ್ರಿಕೆಯಲ್ಲಿ ಓದಿದ್ದೆವು. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿಯವರು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದಾಗ, ವಿನೋಬನಗರದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ನಮ್ಮವರೇ. ಆದರೆ ಟಿ.ವಿ.ಯಲ್ಲಿ ಮೆಚ್ಚಿದ್ದನ್ನು ಪಡಸಾಲೆಯಲ್ಲಿ ಮೆಚ್ಚುವುದು ಬೇರೆಯೇ ಮಾತು. ಮಗಳು ವೈದ್ಯರ ಸಲಹೆಯಂತೆ ಹಾರ್ಮೋನ್ ಚಿಕಿತ್ಸೆಗೆ ತೊಡಗಿದ ದಿನದಿಂದ ಅವರು ಅವಳೊಡನೆ ಮಾತು ಬಿಟ್ಟರು.

ಈಸ್ಟ್ರೋಜನ್ನಿನ ಜೊತೆಗೆ, ಪುರುಷ ಹಾರ್ಮೋನನ್ನು ತಡೆಯುವ ಇನ್ನೊಂದು ಮಾತ್ರೆ, ಚಿಕಿತ್ಸೆ ಇಷ್ಟೇ. ಇದರಿಂದ ಚರ್ಮ ಮೃದುವಾಗುತ್ತದೆ. ಸೊಂಟ ತೊಡೆಗಳ ಕಡೆ ಕೊಬ್ಬು ಸೇರತೊಡಗುತ್ತದೆ. ಮಾಂಸಖಂಡಗಳು ತುಸು ಕುಗ್ಗುತ್ತವೆ. ಹಿಮೋಗ್ಲೋಬಿನ್ ಕೆಲವೇ ತಿಂಗಳಲ್ಲಿ ಸ್ತ್ರೀಯರ ಮಟ್ಟಕ್ಕೆ ಇಳಿಯುತ್ತದೆ. ಎಲ್ಲವೂ ಎರಡು ಮೂರು ವರ್ಷಗಳ ನಿಧಾನದ ಕೆಲಸ. ನನ್ನ ಮಗಳಿಗಾದರೋ ಆತುರ. ಅಗಲವಾದ ಹೆಗಲು ಕರಗಲೆಂದು ಅವಳು ಊಟ ಬಿಡತೊಡಗಿದಳು. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಎರಡು ತುತ್ತು ಅನ್ನ, ರಾತ್ರಿ ಮಜ್ಜಿಗೆ. ಒಂದು ಸಂಜೆ ಮಹಡಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು.

ವೈದ್ಯೆ ಅವಳನ್ನು ಗದರಲಿಲ್ಲ. "ಹೊಸ ಮನೆ ಕಟ್ಟಿಸುವವರು ಇಟ್ಟಿಗೆ ತರಿಸುವುದನ್ನು ನಿಲ್ಲಿಸುತ್ತಾರೇನಮ್ಮ?" ಎಂದು ಕೇಳಿದರು. ಉಪವಾಸದಿಂದ ಬೇಕಾದ ಕಡೆ ಸೇರಬೇಕಾದ ಕೊಬ್ಬೂ ಸೇರದು, ಉಳಿಯಬೇಕಾದ ಬಲವೂ ಉಳಿಯದು ಎಂದು ತಿಳಿಸಿದರು. ವಾರಕ್ಕೆ ಮೂರು ದಿನ ತೂಕ ಎತ್ತುವ ವ್ಯಾಯಾಮ ಮಾಡಲು ಹೇಳಿದಾಗ ಮಗಳ ಮುಖ ಬಾಡಿತು. ಬಿಟ್ಟುಬಂದ ಮೈಕಟ್ಟು ಮರಳಿ ಬಂದೀತೆಂಬ ಭಯ. ಪುರುಷ ಹಾರ್ಮೋನು ತಗ್ಗಿರುವಾಗ ಹಾಗೆ ಆಗದೆಂದೂ, ಮೂಳೆಗಳು ಗಟ್ಟಿಯಾಗಿರಲು ಭಾರ ಬೇಕೆಂದೂ ಅವರು ವಿವರಿಸಿದರು. ನನಗೆ ನನ್ನ ತಾಯಿ ನೆನಪಾದಳು. ಬೀಸುಕಲ್ಲು ತಿರುಗಿಸಿ, ಬಾವಿಯಿಂದ ಹತ್ತು ಕೊಡ ನೀರು ಸೇದುತ್ತಿದ್ದ ಅವಳ ತೋಳು ಕಬ್ಬಿಣದಂತಿತ್ತು. ಅವಳು ಹೆಂಗಸಲ್ಲವೆಂದು ಯಾರೂ ಹೇಳಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅದನ್ನೇ ಮಗಳಿಗೆ ಹೇಳಿದೆ.

ನನಗೂ ಒಂದು ಪಾಠವಾಯಿತು. ಮೈಗೆ ತಂಪೆಂದು ಅವಳಿಗೆ ದಿನವೂ ಎರಡು ಎಳನೀರು ಕುಡಿಸುತ್ತಿದ್ದೆ. ಅವಳು ನುಂಗುತ್ತಿದ್ದ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುತ್ತದೆ; ಎಳನೀರಿನಲ್ಲಿ ಅದೇ ಹೇರಳ. ರಕ್ತಪರೀಕ್ಷೆಯಾಗುವವರೆಗೆ ಎಳನೀರು ಬೇಡವೆಂದರು. ಪ್ರೀತಿಯಿಂದ ಕೊಟ್ಟದ್ದೆಲ್ಲ ಪಥ್ಯವಲ್ಲವೆಂದು ಅಂದು ತಿಳಿದೆ.

ದಿನಕ್ಕೆ ಕಿಲೋ ತೂಕವೊಂದಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ವ್ಯಾಯಾಮವಿರುವುದರಿಂದ ವೈದ್ಯೆ 1.2 ಗ್ರಾಂ ಎಂದರು. 60 ಕಿಲೋ ತೂಗುವ ಮಗಳಿಗೆ 72 ಗ್ರಾಂ. ತಕ್ಕಡಿ ಬಂತು, ಅದರೊಡನೆ ನೋಟುಪುಸ್ತಕವೂ ಬಂತು. ಅನ್ನ, ರಾಗಿಯಿಂದ 15, ಹುಳಿಯ ತೊಗರಿಬೇಳೆಯಿಂದ 8, ಹೆಸರುಕಾಳಿನ ಉಸಲಿಯಿಂದ 12, ಹಿಡಿ ಶೇಂಗಾದಿಂದ 7, ಎರಡು ಲೋಟ ಹಾಲಿನಿಂದ 12, ಮೊಸರಿನಿಂದ 6. ಒಟ್ಟು 60. ಕಾಳನ್ನು ಹೆಚ್ಚಿಸಿದರೆ ಹೊಟ್ಟೆಯುಬ್ಬರ. ಪ್ರತಿ ಪುಟದ ಕೊನೆಯಲ್ಲೂ ನಾನು "ಕೊರತೆ 12" ಎಂದು ಬರೆದಿಡುತ್ತಿದ್ದೆ.

ನಮ್ಮವರು ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಆ ಪುಸ್ತಕವನ್ನು ಅವರು ಕದ್ದು ಓದುತ್ತಿದ್ದಾರೆಂದು ನನಗೆ ಗೊತ್ತಾಗಲಿಲ್ಲ. ಒಂದು ಸಂಜೆ ಪೊಲೀಸ್ ಚೌಕಿಯ ಕಡೆ ತಿರುಗಾಡಲು ಹೋದವರು ಕಾಗದದ ಪೊಟ್ಟಣವೊಂದನ್ನು ಹಿತ್ತಿಲ ಕಟ್ಟೆಯ ಮೇಲೆ ಮೆಲ್ಲನೆ ಇಟ್ಟರು. ಬಿಚ್ಚಿ ನೋಡಿದರೆ ಎರಡು ಕೋಳಿಮೊಟ್ಟೆ! ತಲೆಮಾರುಗಳಿಂದ ನಮ್ಮ ಹೊಸಿಲು ತುಳಿಯದ ಪದಾರ್ಥ.

ನಾನು ಬೆರಗಾಗಿ ನೋಡಿದೆ. ಅವರು ನನ್ನ ಮುಖ ನೋಡದೆ, "ಒಂದಕ್ಕೆ ಆರು ಗ್ರಾಂ ಕಣೇ. ಲೆಕ್ಕ ಕೂಡುತ್ತಿರಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದಿನಿಂದ ಹಿತ್ತಿಲಲ್ಲಿ ಒಂದು ಪುಟ್ಟ ಒಲೆ, ಒಂದು ಬೇರೆ ಪಾತ್ರೆ. ಮಗಳ ಕೆನ್ನೆಗೆ ಬಣ್ಣ ಬಂತು. ಮುಂಜಾನೆ ನೂರಡಿ ರಸ್ತೆಯಲ್ಲಿ ಅವಳ ಬಿರುಸಿನ ನಡಿಗೆಗೆ ನನ್ನ ಕಾಲು ಸಾಲದಾಯಿತು. ಆದರೂ ಅಪ್ಪ ಮಗಳ ನಡುವಿನ ಮೌನ ಮುರಿದಿರಲಿಲ್ಲ.

ಕಳೆದ ವಾರ ಗ್ಯಾಸ್ ತಂದ ಹುಡುಗ ತುಂಬಿದ ಸಿಲಿಂಡರನ್ನು ಗೇಟಿನಲ್ಲೇ ಇಳಿಸಿ ಹೋದ. ಮಗಳು ಸೆರಗು ಸಿಕ್ಕಿಸಿ, ಬಗ್ಗಿ, ಅದನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಪತ್ರಿಕೆ ಓದುತ್ತಿದ್ದ ನಮ್ಮವರು ಗಾಬರಿಯಿಂದ ಎದ್ದು ನಿಂತರು.

"ಅಯ್ಯೋ, ಇಡೇ ಕೆಳಗೆ! ಹೆಣ್ಣುಹುಡುಗಿ ಅಷ್ಟು ಭಾರ ಎತ್ತುತ್ತಾರೇನೇ?"

ಮಗಳು ಸಿಲಿಂಡರನ್ನು ಇಡಲಿಲ್ಲ. ಎತ್ತಿಕೊಂಡೇ ತಿರುಗಿ ಅಪ್ಪನನ್ನು ನೋಡಿದಳು. ವೈದ್ಯೆಯ ಉಪದೇಶವನ್ನೆಲ್ಲ ಅವರಿಗೆ ಒಪ್ಪಿಸಿಬಿಡಬೇಕೆಂದು ಬಾಯಿ ತೆರೆದ ನಾನು, ಆ ಇಬ್ಬರ ಮುಖ ನೋಡಿ ಸುಮ್ಮನಾದೆ.