ತಕ್ಕಡಿಯಲ್ಲಿ ಉಪಾಧ್ಯಕ್ಷ

2024ರ ಜುಲೈ ಕೊನೆಯಲ್ಲಿ ನೀವು ಪೆನ್ಸಿಲ್ವೇನಿಯಾದಲ್ಲಿ ಇದ್ದಿದ್ರೆ ನಿಮ್ಮ ಕಿವಿಗೂ ಒಂದೇ ಸಂಖ್ಯೆ ಬೀಳ್ತಿತ್ತು: 19. ನಮ್ಮ ರಾಜ್ಯದ ಎಲೆಕ್ಟೋರಲ್ ವೋಟುಗಳು. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು, ಕಮಲಾ ಹ್ಯಾರಿಸ್ ಮುಂದೆ ಬಂದರು. ಅವರ ಜೊತೆಗೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಯಾರು ಅಂತ ತೀರ್ಮಾನ ಮಾಡೋಕೆ ಸಿಕ್ಕಿದ್ದು ಎರಡು ವಾರ ಚಿಲ್ಲರೆ. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಾ ನಾವೂ ತೂಗಿದ್ದೇ ತೂಗಿದ್ದು. ನಮ್ಮ ಗವರ್ನರ್ ಜಾಶ್ ಶಪೀರೋ ಆದರೆ 19 ಗ್ಯಾರಂಟಿ ಅಂತ ಒಬ್ಬರು. ಅರಿಜೋನಾದ ಮಾರ್ಕ್ ಕೆಲ್ಲಿ ಗಗನಯಾತ್ರಿ, ಗಡಿ ರಾಜ್ಯದವರು, 11 ವೋಟು ಅಂತ ಇನ್ನೊಬ್ಬರು. ಮಿನ್ನೆಸೋಟಾದ ಟಿಮ್ ವಾಲ್ಜ್ ಹೆಸರನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಆಗಸ್ಟ್ 6ರಂದು ಆಯ್ಕೆಯಾದದ್ದು ಅವರೇ. ಅಷ್ಟು ಜೋರಾಗಿ ವಾದ ಮಾಡಿದ ಆರು ಜನರಲ್ಲಿ ವೋಟು ಹಾಕೋ ಹಕ್ಕು ಇದ್ದದ್ದು ಒಬ್ಬರಿಗೆ. ನನಗಂತೂ ಇಲ್ಲ, ಎಚ್-1ಬಿಯಲ್ಲಿ ಹನ್ನೆರಡನೇ ವರ್ಷ.

ಈ ತೂಕ ನಮಗೆ ಹೊಸದಲ್ಲ ನೋಡಿ. ಬೆಂಗಳೂರಿನಲ್ಲಿ ಸರ್ಕಾರ ರಚನೆಯಾಗುವಾಗ ಡಿಸಿಎಂ ಯಾರು ಅಂದ್ರೆ ನಾವು ಮೊದಲು ನೋಡೋದು ಜಾತಿ, ಆಮೇಲೆ ಜಿಲ್ಲೆ. 2019ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಮೂವರು ಡಿಸಿಎಂಗಳಿದ್ದರು: ಕಾರಜೋಳ, ಅಶ್ವತ್ಥನಾರಾಯಣ, ಸವದಿ. ಯಾಕೆ ಮೂವರು ಅಂತ ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ಕನ್ನಡಕ ಹಾಕಿಕೊಂಡು ಅಮೆರಿಕದ ಟಿಕೆಟ್ಟನ್ನೂ ನೋಡ್ತೀವಿ. ಉತ್ತರದವರಿಗೆ ದಕ್ಷಿಣದವರು, ವಯಸ್ಸಾದವರಿಗೆ ಚಿಕ್ಕವರು. ಇಲ್ಲಿನವರೂ ಹಾಗೇ ನೋಡ್ತಾರೆ ಅನ್ನಿ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಡಿಸಿಎಂ ಅನ್ನೋ ಹುದ್ದೆ ನಮ್ಮ ಸಂವಿಧಾನದಲ್ಲೇ ಇಲ್ಲ. ಮುಖ್ಯಮಂತ್ರಿ ಹೋದ ಮಾತ್ರಕ್ಕೆ ಡಿಸಿಎಂ ಆ ಕುರ್ಚಿಗೆ ಬರೋದೂ ಇಲ್ಲ. ಅಮೆರಿಕದ ಅಧ್ಯಕ್ಷರು ಸಂಪುಟದ ಯಾರನ್ನಾದರೂ ಮನೆಗೆ ಕಳಿಸಬಹುದು, ಉಪಾಧ್ಯಕ್ಷರನ್ನು ಮಾತ್ರ ಆಗಲ್ಲ. ಅಧ್ಯಕ್ಷರ ಕುರ್ಚಿ ಖಾಲಿಯಾದರೆ ಉಳಿದ ಅವಧಿ ಪೂರ್ತಿ ಉಪಾಧ್ಯಕ್ಷರದೇ, ನಡುವೆ ಚುನಾವಣೆ ಕೂಡ ಇಲ್ಲ. ನಮ್ಮ ಬಿ.ಡಿ. ಜತ್ತಿಯವರನ್ನು ನೆನಪಿಸಿಕೊಳ್ಳಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಉಪರಾಷ್ಟ್ರಪತಿ ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈ 25ಕ್ಕೆ ಸಂಜೀವ ರೆಡ್ಡಿ ಬಂದರು, ಐದೂವರೆ ತಿಂಗಳಲ್ಲಿ ಮುಗೀತು. ಅಮೆರಿಕದ ನಿಯಮ ನಮ್ಮಲ್ಲಿ ಇದ್ದಿದ್ರೆ 1979ರ ಆಗಸ್ಟ್‌ವರೆಗೆ ಜತ್ತಿಯವರೇ ಇರ್ತಿದ್ರು. ಇಲ್ಲಿ ಒಂಬತ್ತು ಉಪಾಧ್ಯಕ್ಷರು ಹೀಗೆ ಅವಧಿಯ ನಡುವೆ ಅಧ್ಯಕ್ಷರಾಗಿದ್ದಾರೆ. ಎಂಟು ಸಲ ಸಾವು, ಒಂದು ಸಲ ನಿಕ್ಸನ್ ರಾಜೀನಾಮೆ. ಇದುವರೆಗಿನ ಐವತ್ತು ಜನರಲ್ಲಿ ಒಂಬತ್ತು!

ರಾಜ್ಯದ ಲೆಕ್ಕ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. 1960ರಲ್ಲಿ ಕೆನಡಿ ಟೆಕ್ಸಾಸಿನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ತಗೊಂಡರು. ಟೆಕ್ಸಾಸಿನಲ್ಲಿ ಗೆದ್ದದ್ದು ಸುಮಾರು 46,000 ವೋಟಿನಿಂದ. ಜಾನ್ಸನ್ ಇಲ್ಲದಿದ್ದರೆ ಆ ರಾಜ್ಯ ಕೈ ತಪ್ಪುತ್ತಿತ್ತು ಅಂತ ವಾದಿಸೋಕೆ ಜಾಗ ಇದೆ. 2024ಕ್ಕೆ ಬನ್ನಿ. ಹ್ಯಾರಿಸ್‌ಗೆ ಬಂದದ್ದು 226. ಶಪೀರೋ ನಮ್ಮ 19ನ್ನೂ ತಂದುಕೊಟ್ಟರು ಅಂತಲೇ ಇಟ್ಟುಕೊಳ್ಳಿ, 245. ಬೇಕಿದ್ದದ್ದು 270. ಕ್ಯಾಂಟೀನಿನಲ್ಲಿ ನಾವು ಎರಡು ಗಂಟೆ ಕೂತು ಹಾಕಿದ ಲೆಕ್ಕದ ಕಥೆ ಇಷ್ಟು.

ಇನ್ನೊಂದು ಲೆಕ್ಕ ಇದೆ. ಅದರ ಬೆಲೆ ಎಷ್ಟಾಯ್ತು ಅಂತ ತಿಳಿಯೋಕೆ 1864ಕ್ಕೆ ಹೋಗಬೇಕು. ಆಗ ಅಂತರ್ಯುದ್ಧ ನಡೀತಾ ಇದೆ. ಲಿಂಕನ್ ಉಪಾಧ್ಯಕ್ಷ ಹ್ಯಾನಿಬಲ್ ಹ್ಯಾಮ್ಲಿನ್, ಉತ್ತರದ ಮೇಯ್ನ್ ರಾಜ್ಯದವರು, ಗುಲಾಮಗಿರಿಯ ಕಟ್ಟಾ ವಿರೋಧಿ. ಬಾಲ್ಟಿಮೋರ್ ಸಮಾವೇಶದಲ್ಲಿ ಅವರನ್ನು ಬಿಟ್ಟು ಟೆನೆಸೀಯ ಆಂಡ್ರ್ಯೂ ಜಾನ್ಸನ್ ಅವರನ್ನು ಆರಿಸಿದರು. ಇದರಲ್ಲಿ ಲಿಂಕನ್ ಕೈ ಎಷ್ಟಿತ್ತು ಅನ್ನೋದರ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ. ಕಾಗದದ ಮೇಲೆ ಆಯ್ಕೆ ಮಾತ್ರ ಭರ್ಜರಿ: ದಕ್ಷಿಣದವರು, ವಿರೋಧ ಪಕ್ಷ ಡೆಮಾಕ್ರಟಿಕ್‌ನವರು, ತಮ್ಮ ರಾಜ್ಯ ಒಕ್ಕೂಟ ಬಿಟ್ಟರೂ ತಾವು ಬಿಡದೆ ಸೆನೆಟ್‌ನಲ್ಲಿ ಕೂತವರು. ಸಮತೋಲನ ಅಂದ್ರೆ ಇದಕ್ಕಿಂತ ಇನ್ನೇನು ಬೇಕು? ಆ ಚುನಾವಣೆಯಲ್ಲಿ ಲಿಂಕನ್‌ಗೆ 212, ಎದುರಾಳಿಗೆ 21. ಟೆನೆಸೀಯ ವೋಟುಗಳನ್ನು ಕಾಂಗ್ರೆಸ್ ಎಣಿಕೆಗೇ ತಗೊಳ್ಳಲಿಲ್ಲ.

1865ರ ಮಾರ್ಚ್ 4ರಂದು ಜಾನ್ಸನ್ ಪ್ರಮಾಣವಚನಕ್ಕೆ ಕುಡಿದು ಬಂದಿದ್ದರು. ಆರು ವಾರಕ್ಕೆ ಲಿಂಕನ್ ಹತ್ಯೆಯಾಯಿತು, ಜಾನ್ಸನ್ ಅಧ್ಯಕ್ಷರಾದರು. ಮುಂದಿನ ವರ್ಷ ಕಾಂಗ್ರೆಸ್ ನಾಗರಿಕ ಹಕ್ಕುಗಳ ಮಸೂದೆ ತಂದಿತು: ಈ ನೆಲದಲ್ಲಿ ಹುಟ್ಟಿದವರು ಈ ದೇಶದ ಪ್ರಜೆಗಳು ಅಂತ. ಜಾನ್ಸನ್ ವೀಟೋ ಮಾಡಿದರು. ಇದರಿಂದ ಯಾರೆಲ್ಲ ಪ್ರಜೆಗಳಾಗಿಬಿಡ್ತಾರೆ ಅಂತ ಅವರು ಬರೆದ ಪಟ್ಟಿಯಲ್ಲಿ ಕರಿಯರ ಜೊತೆ ಪಶ್ಚಿಮ ತೀರದ ಚೀನೀಯರ ಹೆಸರೂ ಇದೆ. ಏಷ್ಯಾದಿಂದ ಬಂದವರ ಮಕ್ಕಳು, ಅಂದ್ರೆ ನಮ್ಮಂಥವರ ಮಕ್ಕಳು. ಕಾಂಗ್ರೆಸ್ ಆ ವೀಟೋವನ್ನು ತಳ್ಳಿಹಾಕಿತು, ಅದನ್ನೇ 14ನೇ ತಿದ್ದುಪಡಿಯಾಗಿ ಸಂವಿಧಾನಕ್ಕೆ ಸೇರಿಸೋಕೆ ಹೊರಟಿತು. ಜಾನ್ಸನ್ ದಕ್ಷಿಣದ ರಾಜ್ಯಗಳಿಗೆ ಒಪ್ಪಬೇಡಿ ಅಂದರು. ಅದು ಜಾರಿಗೆ ಬಂದದ್ದು 1868ರ ಜುಲೈನಲ್ಲಿ. ಲಿಂಕನ್ ಟಿಕೆಟ್‌ನಲ್ಲಿ ಗೆದ್ದ ಮನುಷ್ಯ, ಲಿಂಕನ್ ಪಕ್ಷದ ಕೆಲಸಕ್ಕೆ ಸುಮಾರು ನಾಲ್ಕು ವರ್ಷ ಅಡ್ಡ ನಿಂತರು. ಅವರನ್ನು ಇಳಿಸೋಕೆ ಸೆನೆಟ್ ಮತ ಹಾಕಿದಾಗ ಒಂದೇ ಒಂದು ವೋಟು ಕಡಿಮೆ ಬಿತ್ತು.

ನನ್ನ ಮಗಳು ಇಲ್ಲೇ ಹುಟ್ಟಿದ್ದು. ಮನೆಯಲ್ಲಿ ನೀಲಿ ಪಾಸ್‌ಪೋರ್ಟ್ ಇರೋದು ಅವಳೊಬ್ಬಳಿಗೆ, 14ನೇ ತಿದ್ದುಪಡಿಯ ಮೊದಲ ವಾಕ್ಯದ ದಯದಿಂದ. 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಆದೇಶ ಆ ವಾಕ್ಯಕ್ಕೇ ಬೇರೆ ಅರ್ಥ ಹೇಳಿತು: ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡಾಗಲಿ ಇಲ್ಲದಿದ್ದರೆ, ಮೂವತ್ತು ದಿನದ ನಂತರ ಹುಟ್ಟೋ ಮಕ್ಕಳಿಗೆ ಪೌರತ್ವ ಇಲ್ಲ. ನಮ್ಮ ಮೇಲಿನ ಮನೆಯ ಹಾಸನದ ಹುಡುಗನ ಹೆಂಡತಿಗೆ ಮಾರ್ಚ್‌ನಲ್ಲಿ ದಿನ ಕೊಟ್ಟಿದ್ದರು. ಅವತ್ತು ರಾತ್ರಿ ಬಾಗಿಲು ತಟ್ಟಿ, "ಅಣ್ಣ, ಫೆಬ್ರವರಿ 19ರ ಒಳಗೆ ಆಪರೇಷನ್ ಮಾಡಿಸಿಬಿಡೋದಾ?" ಅಂತ ಕೇಳಿದ. ಏನು ಹೇಳ್ತೀರಿ ಅದಕ್ಕೆ? ನನ್ನ ಹೆಂಡತಿ ಒಳಗಿನಿಂದ ಬಂದು ಅವನಿಗೆ ಬೈದು, ಕಾಫಿ ಕೊಟ್ಟಳು. ಮೂರನೇ ದಿನಕ್ಕೆ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು, ಮಗು ತನ್ನ ಟೈಮಿಗೇ ಬಂತು.

ಅದಾದ ಮೇಲೆ ನಾನು ತೂಗೋ ರೀತಿ ಬೇರೆಯಾಗಿದೆ. 1972ರಲ್ಲಿ ಮ್ಯಾಕ್‌ಗವರ್ನ್ ಆರಿಸಿದ ಸೆನೆಟರ್ ಈಗಲ್ಟನ್ ಖಿನ್ನತೆಗೆ ವಿದ್ಯುತ್ ಚಿಕಿತ್ಸೆ ಪಡೆದಿದ್ದರು ಅಂತ ಹೊರಬಿದ್ದು, ಹದಿನೆಂಟೇ ದಿನದಲ್ಲಿ ಟಿಕೆಟ್‌ನಿಂದ ಇಳಿಯಬೇಕಾಯ್ತು. (ಅವರಿಗೆ ಅನ್ಯಾಯ ಆಯ್ತು ಅನ್ನೋದು ನನ್ನ ಅಭಿಪ್ರಾಯ, 1987ರವರೆಗೂ ಸೆನೆಟ್‌ನಲ್ಲಿ ಸರಿಯಾಗೇ ಕೆಲಸ ಮಾಡಿದರು.) ಆಮೇಲೆ ಪರಿಶೀಲನೆ ಬಿಗಿಯಾಯ್ತು: ತೆರಿಗೆ ಕಾಗದ, ಆರೋಗ್ಯದ ದಾಖಲೆ, ಹಳೇ ಭಾಷಣ, ಮನೆಯವರ ವ್ಯವಹಾರ. ಹೆಣ್ಣು ನೋಡೋಕೆ ಹೋದವರೂ ಅಷ್ಟು ಕೇಳಲ್ಲ. ನವೆಂಬರ್‌ವರೆಗೆ ಮುಜುಗರ ಆಗದಿರಲಿ ಅನ್ನೋದೇ ಅವುಗಳ ಉದ್ದೇಶ. ಈ ಜಾನ್ಸನ್ ಅದನ್ನೆಲ್ಲ ದಾಟಿಬಿಡ್ತಿದ್ದರೋ ಏನೋ, ಕುಡಿತದ ವಿಷಯ ಬಿಟ್ಟು.

2028ಕ್ಕೆ ಎರಡೂ ಪಕ್ಷದವರು ಮತ್ತೆ ಪಟ್ಟಿ ಹಿಡಿದು ಕೂರ್ತಾರೆ. ಪಟ್ಟಿಯಲ್ಲಿರೋವರನ್ನು ನಾನು ಕೇಳೋಕೆ ಇಷ್ಟಪಡೋದು ಎರಡೇ ಮಾತು. ನಿಮ್ಮ ಅಧ್ಯಕ್ಷರು ಆರಂಭಿಸಿದ್ದರಲ್ಲಿ ಯಾವುದನ್ನು ನೀವು ನಿಲ್ಲಿಸ್ತೀರಿ? ಆ 1868ರ ವಾಕ್ಯವನ್ನು ನೀವು ಹೇಗೆ ಓದ್ತೀರಿ? ನಿಮ್ಮ ಊರಿನ ಟೌನ್‌ಹಾಲ್‌ಗೆ ಅವರು ಬಂದಾಗ ಮೈಕ್ ನಿಮ್ಮ ಕೈಗೆ ಸಿಕ್ಕರೆ ಕೇಳಿ. ನಮ್ಮಲ್ಲಿ ಅಲ್ಲಿ ಕೈ ಎತ್ತೋಕೆ ಧೈರ್ಯ ಇರೋದು ವೋಟಿರೋವರಿಗೆ ತಾನೇ.